ಕೆಲ್ಟಿಕ್ ಗಂಟಿನ ಚಿತ್ತಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ಚಿತ್ರ ಬರೆಯುವವರು, ಚಿತ್ರಕಲಾ ಶಿಕ್ಷಕರು, ಚುಕ್ಕಿ ರಂಗೋಲಿಯಲ್ಲಿ ಕೈ ಪಳಗಿದವರು ಈ ಚಿತ್ತಾರದ ಬಗ್ಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಕೆಳಗೆ ಮೂರು ಪದ ಪದೇ ಪದೇ ಬರುತ್ತವೆ. ಗಂಟಿನಲ್ಲಿ ಹರಿದಾಡುವ ಪಟ್ಟಿ ಎಳೆ. ಎರಡು ಎಳೆ ಒಂದರ ಮೇಲೊಂದು ಹಾಯುವ ಜಾಗ ಕತ್ತರಿ. ಕತ್ತರಿ ಬೀಳಬೇಕಾದಲ್ಲಿ ಎಳೆಗಳು ದಾಟದೆ ಹೊರಳಿಕೊಳ್ಳಲಿ ಎಂದು ಹಾಕುವ ಚಿಕ್ಕ ಗೆರೆ ತಡೆ.

ಕೆಲ್ಟಿಕ್ ಗಂಟು ಅಂದ್ರ ಏನ್ರಿ? ನಮ್ಮ ರಂಗೋಲಿಗೂ ಅದಕ್ಕೂ ಏನು ಫರಕು?

ತುದಿಮೊದಲಿಲ್ಲದ ಎಳೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹಾಯುತ್ತ ಹೆಣೆದುಕೊಳ್ಳುವ ಚಿತ್ತಾರ ಇದು. ಐರ್ಲೆಂಡ್, ಸ್ಕಾಟ್ಲೆಂಡ್, ಉತ್ತರ ಇಂಗ್ಲೆಂಡಿನ ಕ್ರೈಸ್ತ ಮಠಗಳಲ್ಲಿ 7ನೇ ಶತಮಾನದಿಂದ ಬೆಳೆಯಿತು. ಸುಮಾರು 700ರ ಹೊತ್ತಿನ ಲಿಂಡಿಸ್ಫಾರ್ನ್ ಸುವಾರ್ತೆಗಳ ಹಸ್ತಪ್ರತಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಸುಮಾರು 800ರ ಬುಕ್ ಆಫ್ ಕೆಲ್ಸ್ ಎಂಬ ಇನ್ನೊಂದು ಸುವಾರ್ತೆ ಹಸ್ತಪ್ರತಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿದೆ. ಹೆಣಿಗೆಯ ಮೂಲ ಮಾತ್ರ ಅಲ್ಲಿಯದೇ ಅಲ್ಲ. ರೋಮನ್ನರ ನೆಲಹಾಸಿನ ಮೊಸಾಯಿಕ್‌ಗಳಲ್ಲಿ, ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರ ಕಲೆಯಲ್ಲಿ ಇದು ಮೊದಲೇ ಇತ್ತು. ಕ್ರೈಸ್ತಪೂರ್ವ ಕೆಲ್ಟರ ಕಲೆಯಲ್ಲಿ ಹೆಚ್ಚಾಗಿ ಕಾಣುವುದು ಸುರುಳಿ.

ಚುಕ್ಕಿ ಇಟ್ಟು ಸುತ್ತಲೂ ಎಳೆ ಸುತ್ತಿಸಿ ಹಾಕುವ ರಂಗೋಲಿ ಮತ್ತು ಈ ಗಂಟಿನ ಅಸ್ಥಿಪಂಜರ ಒಂದೇ. 4 ಚುಕ್ಕಿಯ 3 ಸಾಲಿಟ್ಟು ಕೈಯೆತ್ತದೆ ಸುತ್ತಿಬರುವ ರಂಗೋಲಿ ಬಲ್ಲವರಿಗೆ ಕೆಳಗಿನ ಮೊದಲ ಗಂಟು ಅರ್ಧ ಗೊತ್ತಿದ್ದಂತೆಯೇ. ವ್ಯತ್ಯಾಸ ಕತ್ತರಿಯಲ್ಲಿದೆ: ರಂಗೋಲಿಯಲ್ಲಿ ಗೆರೆಗಳು ಸುಮ್ಮನೆ ಕೂಡುತ್ತವೆ, ಯಾವುದು ಮೇಲೆ ಎಂಬ ಪ್ರಶ್ನೆಯೇ ಇಲ್ಲ. ಗಂಟಿನಲ್ಲಿ ಪ್ರತಿ ಕತ್ತರಿಯಲ್ಲೂ ಒಂದು ಎಳೆ ಮೇಲೆ, ಇನ್ನೊಂದು ಕೆಳಗೆ.

ಹೆಣಿಗೆ ಕಲ್ಲಿನಲ್ಲಿ ಹೇಗಿರುತ್ತದೆ ಎಂದು ನೋಡಲು ದೂರ ಹೋಗಬೇಕಿಲ್ಲ. ಊರ ಅರಳಿಕಟ್ಟೆಯ ನಾಗರಕಲ್ಲಿನಲ್ಲಿ ಎರಡು ಹಾವು ಹೆಣೆದುಕೊಂಡಿದ್ದರೆ ಒಂದು ಹಾವನ್ನು ಬಾಲದಿಂದ ಹೆಡೆಯವರೆಗೆ ಕಣ್ಣಲ್ಲೇ ಹಿಂಬಾಲಿಸಿ. ಮೇಲೆ, ಕೆಳಗೆ, ಮೇಲೆ ಎಂದು ತಪ್ಪದೆ ಬರುತ್ತದೆಯೇ ನೋಡಿ. ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ 1112ರಲ್ಲಿ ಕಟ್ಟಿಸಿದ ಮಹಾದೇವ ದೇವಾಲಯದ ಕೆತ್ತನೆಯಲ್ಲಿ ಬಳ್ಳಿ ಸುರುಳಿಗಳನ್ನೂ ನೋಡಬಹುದು. ಸುರುಳಿ ಬೇರೆ, ಹೆಣಿಗೆ ಬೇರೆ ಎಂಬುದು ಎರಡನ್ನೂ ನೋಡಿದವರಿಗೆ ಬೇಗ ತಿಳಿಯುತ್ತದೆ.

ಒಂದೊಂದು ಗಂಟಿಗೆ ಒಂದೊಂದು ಅರ್ಥ ಐತೇನ್ರಿ? ಪ್ರೀತಿ ಗಂಟು, ಅನಂತದ ಗಂಟು ಅಂತಾರಲ್ಲ?

ಆ ಪಟ್ಟಿಗಳೆಲ್ಲ ಇತ್ತೀಚಿನವು, ಹೆಚ್ಚಿನವು ಒಡವೆ ಮತ್ತು ಹಚ್ಚೆಯ ಅಂಗಡಿಗಳಲ್ಲಿ ಬೆಳೆದವು. ಹಸ್ತಪ್ರತಿ ಬರೆದ ಸನ್ಯಾಸಿಗಳು ಯಾವ ಗಂಟಿಗೂ ಅರ್ಥಕೋಶ ಬಿಟ್ಟುಹೋಗಿಲ್ಲ. ನಿಮಗೆ ಇಷ್ಟವಾದ ಅರ್ಥ ಕೊಟ್ಟುಕೊಳ್ಳಲು ಅಡ್ಡಿಯಿಲ್ಲ, ಪ್ರಾಚೀನ ಎಂದು ಹೇಳಬೇಡಿ ಅಷ್ಟೆ.

ಕಣ್ಣು ಮುಚ್ಚಿದ್ರ ನನಗ ಏನೂ ಕಾಣಂಗಿಲ್ಲ. ನನ್ನ ಕೈಲಿ ಆಗ್ತೈತೇನು?

ಆಗುತ್ತದೆ. ಮನಸ್ಸಿನಲ್ಲಿ ಚಿತ್ರ ಮೂಡುವುದು ಎಲ್ಲರಿಗೂ ಒಂದೇ ತೆರನಾಗಿಲ್ಲ. 1880ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಎಂಬ ಇಂಗ್ಲಿಷ್ ವಿಜ್ಞಾನಿ, ಬೆಳಗಿನ ತಿಂಡಿಯ ಮೇಜನ್ನು ಮನಸ್ಸಿನಲ್ಲಿ ಕಾಣಿರಿ ಎಂದು ಹಲವರನ್ನು ಕೇಳಿದರು. ಕೆಲವರಿಗೆ ಬಣ್ಣ, ಬೆಳಕು ಸಮೇತ ಕಂಡಿತು, ಕೆಲವರಿಗೆ ಏನೂ ಕಾಣಲಿಲ್ಲ. ಹೀಗೆ ಏನೂ ಕಾಣದಿರುವುದಕ್ಕೆ 2015ರಲ್ಲಿ ನರವೈದ್ಯ ಆಡಮ್ ಝೆಮನ್ ಮತ್ತು ಸಂಗಡಿಗರು ಅಫ್ಯಾಂಟೇಸಿಯಾ ಎಂದು ಹೆಸರಿಟ್ಟರು. ಇದು ಕಾಯಿಲೆಯಲ್ಲ. ಚಿತ್ರ ಎಷ್ಟು ಸ್ಪಷ್ಟ ಎಂದು ಅಳೆಯಲು 1973ರಲ್ಲಿ ಮನೋವಿಜ್ಞಾನಿ ಡೇವಿಡ್ ಮಾರ್ಕ್ಸ್ ರೂಪಿಸಿದ 16 ಪ್ರಶ್ನೆಗಳ ಪಟ್ಟಿ ಇಂದಿಗೂ ಬಳಕೆಯಲ್ಲಿದೆ. ಪ್ರತಿ ಪ್ರಶ್ನೆಗೆ 1ರಿಂದ 5ರವರೆಗೆ ಅಂಕ.

ಇನ್ನೂ ಒಂದು ಭೇದವಿದೆ, ನಮ್ಮ ಕೆಲಸಕ್ಕೆ ಅದೇ ಮುಖ್ಯ. ಕೆಲವರ ಮನಸ್ಸಿನಲ್ಲಿ ವಸ್ತುವಿನ ಬಣ್ಣ, ಮೈ, ಹೊಳಪು ನಿಲ್ಲುತ್ತದೆ. ಇನ್ನು ಕೆಲವರಿಗೆ ಬಣ್ಣ ಮಸುಕು, ಆದರೆ ಯಾವುದು ಯಾವುದರ ಪಕ್ಕ, ತಿರುಗಿಸಿದರೆ ಎಲ್ಲಿಗೆ ಬರುತ್ತದೆ ಎಂಬುದು ಚೆನ್ನಾಗಿ ತಿಳಿಯುತ್ತದೆ. ಗಂಟಿಗೆ ಬೇಕಾಗುವುದು ಎರಡನೆಯದು. 1971ರಲ್ಲಿ ಮನೋವಿಜ್ಞಾನಿಗಳಾದ ಶೆಪರ್ಡ್ ಮತ್ತು ಮೆಟ್ಜ್‌ಲರ್ ನಡೆಸಿದ ಪ್ರಯೋಗದಲ್ಲಿ ಎರಡು ಆಕೃತಿ ಒಂದೇನಾ ಎಂದು ಹೇಳಲು ತಗಲುವ ಸಮಯ, ಅವುಗಳ ನಡುವಿನ ಕೋನ ಹೆಚ್ಚಿದಷ್ಟೂ ಹೆಚ್ಚುತ್ತಿತ್ತು. ಮನಸ್ಸಿನಲ್ಲಿ ತಿರುಗಿಸುವುದೂ ಒಂದು ಕೆಲಸವೇ, ಅದಕ್ಕೂ ಹೊತ್ತು ಬೇಕು.

ಆದ್ದರಿಂದ ಇಡೀ ಗಂಟನ್ನು ತಲೆಯಲ್ಲಿ ಹೊರಲು ಹೋಗಬೇಡಿ. ಪ್ರತಿ ಕತ್ತರಿಯಲ್ಲಿ ಒಂದೇ ಒಂದು ಚಿಕ್ಕ ನಿಯಮ ನಡೆಸಿಕೊಂಡು ಹೋದರೆ ಗಂಟು ತಾನಾಗಿ ಕಾಗದದ ಮೇಲೆ ಬರುತ್ತದೆ. ಲಿಂಡಿಸ್ಫಾರ್ನ್ ಹಸ್ತಪ್ರತಿಯ ಚರ್ಮದ ಹಾಳೆಗಳ ಹಿಂಬದಿಯಲ್ಲಿ ಕೈವಾರದ ಮೊನೆ ಚುಚ್ಚಿದ ಗುರುತು, ಅಳತೆಯ ಗೆರೆ ಇವತ್ತಿಗೂ ಕಾಣುತ್ತವೆ. ಅಂದರೆ ಅಷ್ಟು ನುರಿತವರೂ ಚೌಕುಳಿ ಹಾಕಿಕೊಂಡೇ ಬರೆದರು. ಹಾಗೆ ನೋಡಿದರೆ ಚಿತ್ರ ಬಲು ಸ್ಪಷ್ಟವಾಗಿ ಕಾಣುವವರೂ ಎಡವುವುದುಂಟು. ಮುಗಿದ ಗಂಟು ಕಣ್ಣ ಮುಂದೆ ನಿಂತಿರುತ್ತದೆ, ಚುಕ್ಕಿ ಇಡುವ ತಾಳ್ಮೆ ಇರುವುದಿಲ್ಲ, ಹೊರಗೆರೆಯಿಂದಲೇ ಶುರುಮಾಡಿ ನಡುವೆ ಎಲ್ಲೋ ಸಿಕ್ಕು ಮಾಡಿಕೊಳ್ಳುತ್ತಾರೆ. ಮನಸ್ಸಿನ ಚಿತ್ರ ನಿಜಕ್ಕೂ ಉಪಯೋಗಕ್ಕೆ ಬರುವುದು ತಡೆ ಎಲ್ಲಿ ಹಾಕಬೇಕು ಎಂದು ಆರಿಸುವಾಗ.

ಏನೇನು ಸಾಮಾನು ಬೇಕು?

ಶಾಲೆ ಹುಡುಗರ ಕಂಪಾಸ್ ಬಾಕ್ಸ್ ಸಾಕು. ಅದರ ಜೊತೆಗೆ 1 ಮಿ.ಮೀ. ಗೆರೆಯ ಗ್ರಾಫ್ ಹಾಳೆ, 2ಎಚ್ ಪೆನ್ಸಿಲ್ (ಎಚ್‌ಬಿ ಆದರೂ ನಡೆಯುತ್ತದೆ, ಒತ್ತಬೇಡಿ), ಎರಡು ಮೂರು ಬಣ್ಣದ ಪೆನ್ಸಿಲ್, ಬಿಳಿ ರಬ್ಬರ್, ಟ್ರೇಸಿಂಗ್ ಪೇಪರ್. ಶಾಯಿಗೆ 0.5ರ ಲೈನರ್ ಪೆನ್ನು ಹೊರಗೆರೆಗೆ, 0.1 ಅಥವಾ 0.2ರದು ಒಳಗಿನ ಸಣ್ಣ ಕೆಲಸಕ್ಕೆ. ಅಚ್ಚುಕಟ್ಟಾದ ಪ್ರತಿಗೆ 130ರಿಂದ 150 ಜಿಎಸ್‌ಎಮ್ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಡ್ರಾಯಿಂಗ್ ಹಾಳೆ. ತೆಳು ಹಾಳೆಯಲ್ಲಿ ಹಿನ್ನೆಲೆ ಕಪ್ಪು ತುಂಬುವಾಗ ಶಾಯಿ ಹಿಂಬದಿಗೆ ಇಳಿಯುತ್ತದೆ, ಹಾಳೆ ಮುದುಡುತ್ತದೆ. ಇವೆಲ್ಲ ತಾಲೂಕು ಕೇಂದ್ರದ ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತವೆ. ಲೈನರ್ ಸಿಗದಿದ್ದರೆ ಚಿಂತೆಯಿಲ್ಲ, ಸಣ್ಣ ಮೊನೆಯ ಬಾಲ್ ಪೆನ್ನೂ ಆದೀತು. ಜೆಲ್ ಪೆನ್ನು ಬೇಡ, ಬೆವರು ತಾಗಿದರೆ ಒರೆಸಿಕೊಂಡು ಹೋಗುತ್ತದೆ.

ಮೊದಲ ಗಂಟು ಎಲ್ಲಿಂದ ಶುರು ಮಾಡ್ಬೇಕ್ರಿ? ಹಂತ ಹಂತವಾಗಿ ಹೇಳ್ರಿ.

4 × 3 ಅಳತೆಯ ಹೆಣಿಗೆಯಿಂದ. ಗ್ರಾಫ್ ಹಾಳೆಯಲ್ಲಿ 8 ಸೆಂ.ಮೀ. ಅಗಲ, 6 ಸೆಂ.ಮೀ. ಎತ್ತರದ ಆಯ ಹಾಕಿ. 1 ಸೆಂ.ಮೀ.ಗೊಂದು ಇರುವ ದಪ್ಪ ಗೆರೆಗಳಿಗೆ ಎಡದಿಂದ ಬಲಕ್ಕೆ 0, 1, 2 ಎಂದು 8ರವರೆಗೆ, ಕೆಳಗಿಂದ ಮೇಲಕ್ಕೆ 0ಯಿಂದ 6ರವರೆಗೆ ಅಂಕಿ ಬರೆದುಕೊಳ್ಳಿ.

1. ಅಡ್ಡ, ಉದ್ದ ಎರಡೂ ಅಂಕಿ ಸಮ ಆಗಿರುವ ಕೂಡುಜಾಗಗಳಲ್ಲಿ ಕಪ್ಪು ಚುಕ್ಕಿ ಇಡಿ: 0-0, 2-0, 2-2, 4-2 ಹೀಗೆ (ಮೊದಲು ಎಡದಿಂದ ಬಲಕ್ಕೆ ಬರೆದ ಅಂಕಿ, ಆಮೇಲೆ ಕೆಳಗಿಂದ ಮೇಲಕ್ಕೆ ಬರೆದದ್ದು). ಅಂಚಿನವೂ ಸೇರಿ 20 ಚುಕ್ಕಿ.

2. ಎರಡೂ ಅಂಕಿ ಬೆಸ ಇರುವಲ್ಲಿ ಕೆಂಪು ಚುಕ್ಕಿ: 1-1, 3-1, 1-3 ಹೀಗೆ. ಒಟ್ಟು 12. ರಂಗೋಲಿಯ 4 ಚುಕ್ಕಿ 3 ಸಾಲು ಇವೇ.

3. ಒಂದು ಸಮ, ಒಂದು ಬೆಸ ಇರುವ ಒಳಗಿನ ಪ್ರತಿ ಕೂಡುಜಾಗದಲ್ಲೂ ಸುಮಾರು 8 ಮಿ.ಮೀ. ಅಗಲದ ಒಂದು ಚಿಕ್ಕ ಗುಣಾಕಾರದ ಗುರುತು ಹಾಕಿ. ಇವೇ ಕತ್ತರಿಗಳು. ಎಣಿಸಿ: 17 ಇರಬೇಕು. 16 ಅಥವಾ 18 ಬಂದರೆ ಮುಂದೆ ಹೋಗಬೇಡಿ, ಒಂದು ಗುರುತು ತಪ್ಪಿದೆ.

4. ಅಕ್ಕಪಕ್ಕದ ಗುರುತುಗಳ ಕೈಗಳನ್ನು ಕರ್ಣದಲ್ಲಿ ಸೇರಿಸಿ. ಅಂಚಿಗೆ ಬಂದ ಕೈಯನ್ನು ದುಂಡಗೆ ಹೊರಳಿಸಿ ಪಕ್ಕದ ಕತ್ತರಿಯ ಕೈಗೆ ತಂದು ಕೂಡಿಸಿ. ಬಾಗು ಅಂಚಿನ ಗೆರೆಯನ್ನು ಮುಟ್ಟಬಾರದು, ಸುಮಾರು 6 ಮಿ.ಮೀ. ಒಳಗೇ ತಿರುಗಬೇಕು. ನಾಲ್ಕು ಮೂಲೆಗಳಲ್ಲಿ ಮಾತ್ರ ಬಾಗಿಸುವ ಬದಲು ಮೊನಚು ಮಾಡಿದರೆ ಹಳೆಯ ಹಸ್ತಪ್ರತಿಯ ಕಳೆ ಬರುತ್ತದೆ.

5. ಬೆರಳಿಟ್ಟು ಒಂದು ಕಡೆಯಿಂದ ಹೊರಡಿ. ಪ್ರತಿ ಕತ್ತರಿಯನ್ನೂ ಎರಡು ಸಲ ಹಾದು, ಹೊರಟಲ್ಲಿಗೇ ಬರಬೇಕು. ಎಲ್ಲೂ ಹಾಯದ ತುಂಡು ಉಳಿದಿದ್ದರೆ ನಾಲ್ಕನೇ ಹಂತದಲ್ಲಿ ತಪ್ಪು ಕೈ ಜೋಡಿಸಿದ್ದೀರಿ.

6. ಇದುವರೆಗೆ ಎಳೆದದ್ದು ಎಳೆಯ ನಡುಗೆರೆ. ಅದರ ಎರಡೂ ಪಕ್ಕ 4 ಮಿ.ಮೀ. ಬಿಟ್ಟು ಗೆರೆ ಎಳೆಯಿರಿ. ಎಳೆಯ ಅಗಲ 8 ಮಿ.ಮೀ. ಆಯಿತು. ಒಂದೇ ದಿಕ್ಕಿನ ಎರಡು ಎಳೆಗಳ ನಡುಗೆರೆಗಳಿಗೆ 14 ಮಿ.ಮೀ. ಅಂತರ ಇರುವುದರಿಂದ ನಡುವೆ 6 ಮಿ.ಮೀ. ಹಿನ್ನೆಲೆ ಉಳಿಯುತ್ತದೆ. ಎಳೆ 10 ಮಿ.ಮೀ. ದಾಟಿದರೆ ಹಿನ್ನೆಲೆ ಉಸಿರುಗಟ್ಟಿ ಗಂಟು ಬರೀ ಚಾಪೆಯಾಗುತ್ತದೆ.

7. ಈಗ ಮೇಲೆ–ಕೆಳಗೆ. ಸಮ ಅಂಕಿಯ ಉದ್ದಗೆರೆಗಳ (2, 4, 6) ಮೇಲಿರುವ ಎಲ್ಲ ಕತ್ತರಿಗಳಲ್ಲಿ ಬಲಕ್ಕೆ ಏರುವ ಎಳೆ ಮೇಲೆ. ಬೆಸ ಅಂಕಿಯ ಉದ್ದಗೆರೆಗಳ (1, 3, 5, 7) ಮೇಲಿರುವ ಎಲ್ಲ ಕತ್ತರಿಗಳಲ್ಲಿ ಬಲಕ್ಕೆ ಇಳಿಯುವ ಎಳೆ ಮೇಲೆ. ಇಷ್ಟೇ ನಿಯಮ. ಎಳೆಯ ಬೆನ್ನು ಹತ್ತಿ ಮೇಲೆ, ಕೆಳಗೆ ಎಂದು ಎಣಿಸುತ್ತ ಹೋಗುವ ಅಗತ್ಯವಿಲ್ಲ. ಒಂದು ಕಂಬಸಾಲಿನಲ್ಲಿ ಎಲ್ಲವೂ ಒಂದೇ ಕಡೆ ವಾಲುತ್ತವೆ, ಮುಂದಿನ ಕಂಬಸಾಲಿನಲ್ಲಿ ಇನ್ನೊಂದು ಕಡೆ.

8. ಕೆಳಗೆ ಹೋಗುವ ಎಳೆಯ ಗೆರೆಗಳನ್ನು ಮೇಲಿನ ಎಳೆಯ ಒಳಗೆ ಇರುವಷ್ಟು ಮಾತ್ರ ಅಳಿಸಿ. ಶಾಯಿ ಹಾಕುವಾಗಲೂ ಮೊದಲು ಮೇಲಿನ ಎಳೆಯ ಎರಡೂ ಗೆರೆ, ಆಮೇಲೆ ಅದಕ್ಕೆ ಬಂದು ತಾಗಿ ನಿಲ್ಲುವ ಕೆಳಗಿನ ಎಳೆ. ಎಲ್ಲ ಒಣಗಿದ ಮೇಲೆ ಪೆನ್ಸಿಲ್ ಅಳಿಸಿ, ಕೊನೆಗೆ ಹಿನ್ನೆಲೆಗೆ ಕಪ್ಪು ತುಂಬಿ.

ಇದು ಹಿಡಿತಕ್ಕೆ ಸಿಕ್ಕ ಮೇಲೆ ಅಳತೆಯನ್ನು ಅರ್ಧ ಮಾಡಿ: 5 ಮಿ.ಮೀ. ಮನೆ, 4 ಮಿ.ಮೀ. ಎಳೆ. ಅದಕ್ಕಿಂತ ಚಿಕ್ಕದಕ್ಕೆ ಅವಸರ ಬೇಡ.

ಒಂದೇ ಎಳಿ ಬರ್ತೈತೋ ಇಲ್ಲೋ ಅಂತ ಮೊದಲೇ ಗೊತ್ತಾಗ್ತೈತೇನು?

ತಡೆಯಿಲ್ಲದ ಆಯದ ಹೆಣಿಗೆಯಲ್ಲಿ ಗೊತ್ತಾಗುತ್ತದೆ. ಎರಡು ಅಳತೆಗಳ ಮಹತ್ತಮ ಸಾಮಾನ್ಯ ಅಪವರ್ತನ ಎಷ್ಟೋ ಅಷ್ಟು ಎಳೆ. ಶಾಲೆಯಲ್ಲಿ ಕಲಿತ ಮ.ಸಾ.ಅ. ಇಲ್ಲಿ ಕೆಲಸಕ್ಕೆ ಬಂತು. 4 × 3ಕ್ಕೆ ಒಂದು ಎಳೆ, 6 × 4ಕ್ಕೆ ಎರಡು, 6 × 3ಕ್ಕೆ ಮೂರು, 4 × 4ಕ್ಕೆ ನಾಲ್ಕು. ಕತ್ತರಿಗಳ ಲೆಕ್ಕವೂ ಸುಲಭ: ಎರಡು ಅಳತೆ ಗುಣಿಸಿ, ಇಮ್ಮಡಿ ಮಾಡಿ, ಅದರಿಂದ ಎರಡೂ ಅಳತೆ ಕಳೆಯಿರಿ. 3 × 2ಕ್ಕೆ 12ರಲ್ಲಿ 5 ಹೋಗಿ 7.

ಈ 3 × 2, ಏಳು ಕತ್ತರಿಯದು, ಮನಸ್ಸಿನಲ್ಲೇ ಸುತ್ತಿಬರಲು ಒಳ್ಳೆಯ ಅಭ್ಯಾಸ. ಬಸ್ಸಿನಲ್ಲಿ ಕೂತು ಅಂಗೈ ಮೇಲೆ ಬೆರಳಾಡಿಸಿ ಸುತ್ತಿ ನೋಡಿ. ಇದಕ್ಕಿಂತ ದೊಡ್ಡದನ್ನು ತಲೆಯಲ್ಲಿ ಹಿಡಿಯುವುದು ಬಹುತೇಕರಿಗೆ ಆಗುವುದಿಲ್ಲ, ಆಗಬೇಕಾದ್ದೂ ಇಲ್ಲ.

ಇದು ಬರೇ ಹೊರಸಿನ ಹೆಣಿಗಿ ಥರ ಕಾಣ್ತೈತಿ. ನಿಜವಾದ ಗಂಟು ಹೆಂಗ ಬರ್ತೈತಿ?

ತಡೆಯಿಂದ. ತಡೆಯಿಲ್ಲದ ಹೆಣಿಗೆ ಹೊರಸಿನ ಹಗ್ಗದ ಹಾಗೆ ಒಂದೇ ಸಮ ಇರುತ್ತದೆ. ಅಲ್ಲಲ್ಲಿ ಕತ್ತರಿ ತೆಗೆದು ಎಳೆಗಳನ್ನು ಹೊರಳಿಸಿದಾಗ ಹೃದಯದಾಕಾರ, ಸರಪಳಿ, ಕುಣಿಕೆ ಹುಟ್ಟುತ್ತವೆ. ಕೆಲ್ಟಿಕ್ ಗಂಟುಗಳು ಸಾದಾ ಹೆಣಿಗೆಯನ್ನು ಹೀಗೆ ಮುರಿದು ಕಟ್ಟಿದವು ಎಂದು ಜೆ. ರೋಮಿಲಿ ಅಲೆನ್ ಎಂಬ ವಿದ್ವಾಂಸರು 20ನೇ ಶತಮಾನದ ಆರಂಭದಲ್ಲೇ ವಿವರಿಸಿದರು.

ತಡೆ ಎರಡೇ ಬಗೆ. ಅಕ್ಕಪಕ್ಕದ ಎರಡು ಕಪ್ಪು ಚುಕ್ಕಿ ಸೇರಿಸಬೇಕು, ಇಲ್ಲವೇ ಅಕ್ಕಪಕ್ಕದ ಎರಡು ಕೆಂಪು ಚುಕ್ಕಿ ಸೇರಿಸಬೇಕು. ಕಪ್ಪಿನಿಂದ ಕೆಂಪಿಗೆ ಎಂದೂ ಎಳೆಯಬೇಡಿ. ಪ್ರತಿ ತಡೆಯೂ ಸರಿಯಾಗಿ ಒಂದು ಕತ್ತರಿಯ ಮೇಲೆ ಹಾಯುತ್ತದೆ, ಆ ಕತ್ತರಿ ಹೋಗುತ್ತದೆ. ತಡೆಗಳನ್ನು ಎರಡನೇ ಹಂತ ಮುಗಿದ ಕೂಡಲೇ, ಗುಣಾಕಾರದ ಗುರುತು ಹಾಕುವ ಮೊದಲು ಹಾಕಬೇಕು. ಆಮೇಲೆ ಹಾಕಿದರೆ ಅಳಿಸುವುದೇ ಕೆಲಸ.

ತಡೆಯಿಂದ ಎಳೆಗಳ ಸಂಖ್ಯೆ ಬದಲಾಗುತ್ತದೆ, ಅದಕ್ಕೂ ನಿಯಮವಿದೆ. ಎರಡು ಬೇರೆ ಬೇರೆ ಎಳೆ ಕೂಡುವ ಕತ್ತರಿಯಲ್ಲಿ ಯಾವ ತಡೆ ಹಾಕಿದರೂ ಎರಡೂ ಸೇರಿ ಒಂದಾಗುತ್ತವೆ. 4 × 4ರಲ್ಲಿ ನಾಲ್ಕು ಎಳೆಗಳನ್ನು ನಾಲ್ಕು ಬಣ್ಣದ ಪೆನ್ಸಿಲ್‌ನಲ್ಲಿ ಬರೆದುಕೊಂಡು, ಎರಡು ಬಣ್ಣ ಕೂಡುವಲ್ಲಿ ಒಂದೊಂದಾಗಿ ಮೂರು ತಡೆ ಹಾಕಿದರೆ ಒಂದೇ ಎಳೆ. ಪ್ರತಿ ತಡೆಯ ನಂತರ ಸೇರಿದ ಎಳೆಗೆ ಒಂದೇ ಬಣ್ಣ ತಿದ್ದಿಕೊಳ್ಳಿ, ಇಲ್ಲದಿದ್ದರೆ ಎರಡನೇ ತಡೆಯಲ್ಲೇ ಲೆಕ್ಕ ತಪ್ಪುತ್ತದೆ.

ಒಂದೇ ಎಳೆ ತನ್ನನ್ನು ತಾನೇ ದಾಟುವ ಕತ್ತರಿಯಲ್ಲಿ ಸ್ವಲ್ಪ ಎಚ್ಚರ ಬೇಕು. ಎಳೆಯನ್ನು ಬೆರಳಿಂದ ಸುತ್ತಿ, ಆ ಕತ್ತರಿಯನ್ನು ಹಾಯುವ ಎರಡೂ ಸಲ ಬಾಣದ ಗುರುತು ಹಾಕಿ. ಎರಡೂ ಬಾಣ ಮೇಲ್ಮುಖ ಅಥವಾ ಎರಡೂ ಕೆಳಮುಖ ಆಗಿದ್ದರೆ ಅಡ್ಡ ತಡೆ ಹಾಕಿ, ಎಳೆ ಒಂದೇ ಉಳಿಯುತ್ತದೆ. ನಿಲುವು ತಡೆ ಹಾಕಿದರೆ ಎರಡಾಗುತ್ತದೆ. ಎರಡೂ ಬಾಣ ಬಲಕ್ಕೆ ಅಥವಾ ಎರಡೂ ಎಡಕ್ಕೆ ಹೋಗುತ್ತಿದ್ದರೆ ಇದರ ಉಲ್ಟಾ. ಪರೀಕ್ಷಿಸಿ ನೋಡಬೇಕೆಂದರೆ ಮೇಲಿನ 4 × 3ರ ನಟ್ಟನಡುವಿನ ಕತ್ತರಿ 4-3 ತೆಗೆದುಕೊಳ್ಳಿ. ಅಲ್ಲಿ 3-3 ಮತ್ತು 5-3ರ ಕೆಂಪು ಚುಕ್ಕಿ ಸೇರಿಸುವ ಅಡ್ಡ ತಡೆ ಹಾಕಿದರೆ ಒಂದೇ ಎಳೆ, 16 ಕತ್ತರಿ. 4-2 ಮತ್ತು 4-4ರ ಕಪ್ಪು ಚುಕ್ಕಿ ಸೇರಿಸುವ ನಿಲುವು ತಡೆಯಾದರೆ ಎರಡು ಎಳೆ.

ಅಂದಕ್ಕಾಗಿ ತಡೆಗಳನ್ನು ಎಡಬಲ, ಮೇಲೆಕೆಳಗೆ ಸಮವಾಗಿಡಿ. ಒಂದು ಚುಕ್ಕಿಯ ನಾಲ್ಕೂ ಕಡೆ ತಡೆ ಹಾಕಿ ಮುಚ್ಚಿಬಿಟ್ಟರೆ ಅಲ್ಲೊಂದು ಒಂಟಿ ಉಂಗುರ ಉಳಿಯುತ್ತದೆ. ಬೇಕೆಂದೇ ಮಾಡಿದ್ದಲ್ಲದಿದ್ದರೆ ನೋಡಲು ಕೆಟ್ಟದಾಗಿರುತ್ತದೆ.

ಮೇಲೆ–ಕೆಳಗೆ ಸರಿಯಾಗಿ ಬರ್ತಿಲ್ಲ. ಒಂದು ಕಡೆ ಎರಡು ಸಲ ಮೇಲೇ ಬಂತು. ನಮೂನಿನೇ ತಪ್ಪೇನು?

ನಮೂನೆ ತಪ್ಪಲ್ಲ. ಮುಚ್ಚಿದ ಎಳೆಗಳ ಯಾವ ಚಿತ್ರವೇ ಇರಲಿ, ಪ್ರತಿ ಕತ್ತರಿಯಲ್ಲಿ ಎರಡೇ ಎಳೆ ಹಾಯುತ್ತಿದ್ದರೆ ಮೇಲೆ–ಕೆಳಗೆ ಸರದಿ ಬಂದೇ ತೀರುತ್ತದೆ. ಇದು ಗಣಿತದಲ್ಲಿ ಸಿದ್ಧವಾದ ಮಾತು. ಹಾಗಾಗಿ ಸರದಿ ಕೆಟ್ಟರೆ ಕಾರಣ ಮೂರರಲ್ಲಿ ಒಂದು. ಹೆಚ್ಚಾಗಿ ಆಗುವುದು ಒಂದು ಕತ್ತರಿಯನ್ನು ಬಿಟ್ಟು ಎಣಿಸಿರುವುದು, ಅದರಲ್ಲೂ ಅಂಚಿನ ಬಾಗಿನ ಪಕ್ಕದ್ದು. ಎರಡನೆಯದು, ಒಂದೇ ಜಾಗದಲ್ಲಿ ಮೂರು ಎಳೆ ಕೂಡಿಸಿರುವುದು. ಚೌಕುಳಿಯಿಲ್ಲದೆ ಕೈಯಲ್ಲಿ ಬರೆದಾಗ ಇದು ಆಗುತ್ತದೆ, ಒಂದು ಎಳೆಯನ್ನು ಸ್ವಲ್ಪ ಸರಿಸಿದರೆ ಸರಿ. ಮೂರನೆಯದು, ಎಳೆ ಎಲ್ಲೋ ಮುಚ್ಚದೆ ತುದಿ ಉಳಿದಿರುವುದು.

ತಪ್ಪು ಕಂಡಲ್ಲೇ ತಿದ್ದಲು ಹೋಗಬೇಡಿ, ಅಲ್ಲಿ ತಿದ್ದಿದರೆ ಅದು ಮುಂದಿನ ಕತ್ತರಿಗೆ ದಾಟುತ್ತದೆ. ಚಿತ್ರದ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಕಂಬಸಾಲಿನ ನಿಯಮದಂತೆ ಎಡದಿಂದ ಒಂದೊಂದು ಸಾಲು ಹೋಲಿಸುತ್ತ ಬನ್ನಿ. ಯಾವ ಸಾಲಿನಲ್ಲಿ ಒಂದೇ ಒಂದು ಕತ್ತರಿ ಬೇರೆ ಕಡೆ ವಾಲಿದೆಯೋ ಅದೇ ಕಳ್ಳ. ತಡೆಗಳಿದ್ದರೂ ಈ ನಿಯಮ ಬದಲಾಗುವುದಿಲ್ಲ.

ಬಾಗು ಚಂದ ಬರಂಗಿಲ್ಲ. ಒಂದು ಕಡೆ ದಪ್ಪ, ಒಂದು ಕಡೆ ತೆಳು.

ಹೊರಗೆರೆಯನ್ನು ಕಣ್ಣಳತೆಯಲ್ಲಿ ಎಳೆಯುವುದೇ ಕಾರಣ. ದಪ್ಪ ಕಾಗದದ ಒಂದು ತುಂಡಿನ ಅಂಚಿನಲ್ಲಿ 4 ಮಿ.ಮೀ. ಅಂತರದಲ್ಲಿ ಮೂರು ಗುರುತು ಮಾಡಿಕೊಳ್ಳಿ. ನಡುವಿನದನ್ನು ನಡುಗೆರೆಗೆ ಇಟ್ಟು, ಆಚೀಚೆ ಚುಕ್ಕಿ ಇಡುತ್ತ ಹೋಗಿ, ಬಾಗಿನಲ್ಲಿ ಚುಕ್ಕಿ ಹತ್ತಿರ ಹತ್ತಿರ ಇರಲಿ. ಆಮೇಲೆ ಚುಕ್ಕಿ ಸೇರಿಸಿ. ಕೈ ತಿರುಗಿಸುವ ಬದಲು ಹಾಳೆ ತಿರುಗಿಸಿ, ಬಾಗು ಯಾವಾಗಲೂ ಮಣಿಕಟ್ಟಿನ ಒಳಕ್ಕೆ ಬರುವಂತೆ. ಎಡಗೈಯವರು ಬಲತುದಿಯಿಂದ ಶುರುಮಾಡಲಿ.

ಬ್ಯಾಸಿಗಿ ಒಳಗ ಶಾಯಿ, ಹಾಳಿ ಎಲ್ಲ ಹಾಳಾಗ್ತಾವ. ಏನ್ ಮಾಡ್ಬೇಕು?

ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಅದ್ದಿ ಬರೆಯುವ ನಿಬ್ಬಿನಲ್ಲಿ ಶಾಯಿ ತುದಿಯಲ್ಲೇ ಒಣಗಿ ಗೆರೆ ಮುರಿಯುತ್ತದೆ. ಫ್ಯಾನ್ ನೇರವಾಗಿ ಹಾಳೆಯ ಮೇಲೆ ಬೀಸುತ್ತಿದ್ದರೆ ಇನ್ನೂ ಬೇಗ. ಪ್ರತಿ ಎರಡು ಮೂರು ಗೆರೆಗೊಮ್ಮೆ ನಿಬ್ಬನ್ನು ಒದ್ದೆ ಬಟ್ಟೆಗೆ ಒರೆಸಿ, ಅಥವಾ ಬೇಸಿಗೆ ಮುಗಿಯುವವರೆಗೆ ಲೈನರ್ ಪೆನ್ನೇ ಬಳಸಿ. ಅಂಗೈ ಕೆಳಗೆ ಒಂದು ಹಾಳೆ ಇಟ್ಟುಕೊಳ್ಳುವುದು ಕಡ್ಡಾಯ. ಬೆವರು ತಾಗಿದ ಜಾಗದಲ್ಲಿ ಶಾಯಿ ಹರಡುತ್ತದೆ. ಪೆನ್ನುಗಳನ್ನು ಗಾಡಿಯ ಡಿಕ್ಕಿಯಲ್ಲಿ ಬಿಸಿಲಿಗೆ ಬಿಡಬೇಡಿ, ಕಾದು ಶಾಯಿ ಕಕ್ಕುತ್ತವೆ.

ಸಂಡೂರು, ತೋರಣಗಲ್ಲು ಕಡೆಯವರಿಗೆ ಇನ್ನೊಂದು ಕಾಟ, ಅದಿರಿನ ಕೆಂಪು ದೂಳು. ಬಿಳಿ ಹಾಳೆಯ ಮೇಲೆ ಕೂತ ದೂಳನ್ನು ಕೈಯಿಂದ ಒರೆಸಿದರೆ ಕೆಂಪು ಗೀರು ಉಳಿಯುತ್ತದೆ, ರಬ್ಬರ್ ಹಾಕಿದರೆ ಇನ್ನೂ ಒಳಗೆ ಹೋಗುತ್ತದೆ. ಮೊದಲು ಒಣ, ಮೆತ್ತನೆಯ ಬ್ರಷ್ಷಿನಿಂದ ಝಾಡಿಸಿ, ಆಮೇಲೆ ಅಳಿಸಿ.

ದುಂಡನೆಯ ಅಂಚು ಹೆಂಗ ಮಾಡ್ಬೇಕು?

ಸುಲಭದ್ದು ಎರಡೆಳೆಯ ಹುರಿ. ಕೈವಾರದಲ್ಲಿ 4 ಸೆಂ.ಮೀ. ತ್ರಿಜ್ಯದ ವೃತ್ತ ಹಾಕಿ, ಕೋನಮಾಪಕದಿಂದ 40 ಡಿಗ್ರಿಗೊಂದರಂತೆ 9 ಗುರುತು ಮಾಡಿ. ಅವೇ ಕತ್ತರಿಗಳು. ಎರಡು ಕತ್ತರಿಗಳ ನಡುವೆ ಒಂದು ಎಳೆ ವೃತ್ತದ ಹೊರಗೆ 6 ಮಿ.ಮೀ., ಇನ್ನೊಂದು ಒಳಗೆ 6 ಮಿ.ಮೀ. ಉಬ್ಬಲಿ. ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಹೋಗುತ್ತ, ಒಳಗಿಂದ ಹೊರಗೆ ಬರುವ ಎಳೆಯನ್ನೇ ಎಲ್ಲ ಕತ್ತರಿಯಲ್ಲೂ ಮೇಲೆ ಮಾಡಿ. ಕತ್ತರಿ ಬೆಸ ಸಂಖ್ಯೆಯಲ್ಲಿದ್ದರೆ ಒಂದೇ ಎಳೆ, ಸಮ ಇದ್ದರೆ ಎರಡು ಉಂಗುರ. 15 ಕತ್ತರಿ ಬೇಕಾದರೆ 24 ಡಿಗ್ರಿ, ಆಗ ವೃತ್ತವನ್ನೂ 6.5 ಸೆಂ.ಮೀ.ಗೆ ದೊಡ್ಡದು ಮಾಡಿ.

ಕೂತ್ರ ಹೊತ್ತು ಹೋಗಿದ್ದೇ ಗೊತ್ತಾಗಂಗಿಲ್ಲ. ಒಲಿ ಮ್ಯಾಲ ಹಾಲು ಉಕ್ಕಿ ಹೋಗ್ತೈತಿ. ಇದು ಒಳ್ಳೇದೋ ಕೆಟ್ಟದೋ?

ಹೀಗೆ ಮುಳುಗಿಹೋಗುವುದನ್ನು 1970ರ ದಶಕದಿಂದ ಅಧ್ಯಯನ ಮಾಡಿದವರು ಮನೋವಿಜ್ಞಾನಿ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್. ಗುರಿ ಸ್ಪಷ್ಟವಿರಬೇಕು, ಸರಿ ತಪ್ಪು ಕೂಡಲೇ ತಿಳಿಯಬೇಕು, ಕೆಲಸದ ಕಷ್ಟ ಕೈಯ ಅಳವಿಗೆ ತಕ್ಕಷ್ಟಿರಬೇಕು ಎಂದು ಅವರು ಗುರುತಿಸಿದರು. ಗಂಟಿನಲ್ಲಿ ಮೂರೂ ಕೂಡಿಬರುತ್ತವೆ. ಪ್ರತಿ ಕತ್ತರಿಯೂ ಒಂದು ಚಿಕ್ಕ ಪ್ರಶ್ನೆ, ಉತ್ತರ ಅಲ್ಲೇ ಕಾಣುತ್ತದೆ. ತೀರಾ ಸುಲಭವಾದರೆ ಮನಸ್ಸು ಅಲೆಯುತ್ತದೆ, ತೀರಾ ಕಷ್ಟವಾದರೆ ಹಾಳೆ ಹರಿಯುವಷ್ಟು ಸಿಟ್ಟು. 4 × 3 ಬೇಸರವಾಯಿತೆಂದರೆ 7 × 4ಕ್ಕೆ ಹೋಗಿ, ನೇರ 20 × 15ಕ್ಕೆ ಜಿಗಿಯಬೇಡಿ.

ಒಲೆ ಆರಿಸಿಯೇ ಕೂರಿ. ಮೊಬೈಲಿನಲ್ಲಿ 20 ನಿಮಿಷದ ಗಂಟೆ ಇಟ್ಟು, ಹೊಡೆದಾಗ ಕಿಟಕಿಯಾಚೆ 20 ಅಡಿ ದೂರದ್ದನ್ನು 20 ಸೆಕೆಂಡು ನೋಡಿ, ನೀರು ಕುಡಿಯಿರಿ. ನೆಟ್ಟು ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ನೆಲದ ಮೇಲೆ ಬಗ್ಗಿ ಕೂತರೆ ಕತ್ತು ಹಿಡಿಯುತ್ತದೆ, ಹಲಗೆಯನ್ನು ತೊಡೆಯ ಮೇಲೆ ಓರೆಯಾಗಿ ಇಟ್ಟುಕೊಳ್ಳಿ. ಎದ್ದುಹೋಗಬೇಕಾದರೆ ಒಂದು ಹಂತ ಮುಗಿಸಿ ಏಳಿ. ಮೇಲೆ–ಕೆಳಗೆ ಮಾಡುತ್ತ ನಡುವೆ ಬಿಟ್ಟರೆ ತಿರುಗಿ ಬಂದಾಗ ತಪ್ಪುವುದು ನೂರಕ್ಕೆ ನೂರು. ಬಿಡಲೇಬೇಕಾದರೆ ಮುಗಿದ ಕಂಬಸಾಲಿನ ಮೇಲೆ ಬಾಣದ ಗುರುತು ಹಾಕಿ.

ರಾತ್ರಿ ಮಲಗಿದ್ರೂ ಗಂಟೇ ಕಾಣ್ತಾವ. ಏನರ ತ್ರಾಸ ಐತೇನು?

ಇಲ್ಲ. ಒಂದೇ ಬಗೆಯ ಆಕೃತಿಯನ್ನು ಬಹಳ ಹೊತ್ತು ನೋಡಿದವರಿಗೆ ನಿದ್ದೆ ಹತ್ತುವ ಹೊತ್ತಿನಲ್ಲಿ ಅದೇ ತೇಲಿಬರುತ್ತದೆ. 2000ರಲ್ಲಿ ನಿದ್ದೆಯ ಸಂಶೋಧಕ ರಾಬರ್ಟ್ ಸ್ಟಿಕ್‌ಗೋಲ್ಡ್ ಮತ್ತು ಸಂಗಡಿಗರು, ಮೇಲಿಂದ ಬೀಳುವ ತುಂಡುಗಳನ್ನು ಜೋಡಿಸುವ ಟೆಟ್ರಿಸ್ ಎಂಬ ಕಂಪ್ಯೂಟರ್ ಆಟ ಆಡಿಸಿ ಇದನ್ನು ದಾಖಲಿಸಿದರು. ನೆನಪಿನ ಶಕ್ತಿ ಕಳೆದುಕೊಂಡು, ಆಡಿದ್ದೇ ಮರೆತಿದ್ದ ಕೆಲವರಿಗೂ ಬೀಳುವ ತುಂಡುಗಳು ಕಂಡವು. ನಿದ್ದೆ ಕೆಡುತ್ತಿದ್ದರೆ ಮಲಗುವ ಒಂದು ಗಂಟೆ ಮೊದಲೇ ಹಾಳೆ ಮುಚ್ಚಿಡಿ.

ನಮ್ಮ ಹುಡುಗ ಗಂಟೆಗಟ್ಟಲೆ ಇದನ್ನೇ ಬರೀತಾ ಕೂಡ್ತಾನ. ಚಿಂತಿ ಮಾಡ್ಬೇಕೇನ್ರಿ?

ತಲ್ಲೀನನಾಗಿ ಕೂರುವುದೊಂದೇ ಚಿಂತೆಯ ಕಾರಣವಲ್ಲ. ಕರೆದರೆ ಓಗೊಡುತ್ತಾನೆಯೇ, ಊಟ ನಿದ್ದೆ ಸರಿಯಿದೆಯೇ, ಓರಗೆಯವರ ಜೊತೆ ಬೆರೆಯುತ್ತಾನೆಯೇ ನೋಡಿ. ಅದರಲ್ಲಿ ಏರುಪೇರಿದ್ದರೆ ಜಿಲ್ಲಾ ಆಸ್ಪತ್ರೆಯ ಮಕ್ಕಳ ವೈದ್ಯರಿಗೆ ತೋರಿಸಿ, ಚಿತ್ರ ಕಿತ್ತಿಡುವುದು ಉಪಾಯವಲ್ಲ. ಚಿಕ್ಕವರಿಗೆ ಕಲಿಸುವುದಾದರೆ 2 × 2ರಿಂದ ಶುರುಮಾಡಿ: ನಾಲ್ಕು ಕತ್ತರಿ, ಎರಡು ಎಳೆ. ಬರೆಯುವ ಮೊದಲು ಎರಡು ಬಣ್ಣದ ಲಾಡಿ ಕೊಟ್ಟು ನೆಲದ ಮೇಲೆ ಹೆಣೆಯಲು ಹೇಳಿ. ಮೇಲೆ–ಕೆಳಗೆ ಎಂಬುದು ಕೈಗೆ ಮೊದಲು ಹತ್ತುತ್ತದೆ, ಕಣ್ಣಿಗೆ ಆಮೇಲೆ.

ಕಂಪ್ಯೂಟರ್‌ನಾಗ ಮಾಡಬಹುದಾ?

ಮಾಡಬಹುದು. ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ಗೆರೆಗೆ ಹಾಕುವ ಪರಿಣಾಮಗಳಲ್ಲಿ ನಾಟ್ ಎಂಬುದೊಂದಿದೆ, ಕತ್ತರಿಗಳಲ್ಲಿ ಅದೇ ಸಂದು ಬಿಡಿಸುತ್ತದೆ. ಅಚ್ಚಿಗೆ, ಲೇಸರ್ ಕತ್ತರಿಸುವುದಕ್ಕೆ ಅನುಕೂಲ. ಕಲಿಯುವುದಕ್ಕೆ ಮಾತ್ರ ಕಾಗದವೇ ಮೇಲು.

ಅಂಗಳದಾಗ ರಂಗೋಲಿ ಪುಡಿಲಿಂದ ಹಾಕಬಹುದಾ?

ಚೆನ್ನಾಗಿ ಬರುತ್ತದೆ. ಚೌಕುಳಿ ಮನೆ 2 ಇಂಚು ಇಟ್ಟುಕೊಳ್ಳಿ, ಎಳೆಗೆ ಒಂದೂವರೆ ಇಂಚು ಅಗಲ ಬಿಟ್ಟು ಜೋಡಿಗೆರೆ. ಪುಡಿಯಲ್ಲಿ ಅಳಿಸುವುದು ಕಷ್ಟ, ಆದ್ದರಿಂದ ಇಲ್ಲಿ ಕ್ರಮ ಬೇರೆ: ಮೊದಲು ಸುಣ್ಣದ ಕಡ್ಡಿಯಿಂದ ತೆಳುವಾಗಿ ನಡುಗೆರೆ, ಆಮೇಲೆ ಪ್ರತಿ ಕತ್ತರಿಯಲ್ಲಿ ಮೇಲಿನ ಎಳೆಯ ಜೋಡಿಗೆರೆ ಮಾತ್ರ, ಕೊನೆಗೆ ಕೆಳಗಿನ ಎಳೆಯ ತುಂಡುಗಳನ್ನು ತಂದು ತಾಗಿಸಿ. ಎಳೆಯೊಳಗೆ ಬಣ್ಣ ತುಂಬುವುದಾದರೆ ಹಿನ್ನೆಲೆ ಸಗಣಿ ಸಾರಿಸಿದ ನೆಲದ ಬಣ್ಣವೇ ಇರಲಿ.

ಬಟ್ಟಿ ಮ್ಯಾಲ, ಜೀನ್ಸ್ ಮ್ಯಾಲ ಕಸೂತಿ ಮಾಡಾಕ ಬರ್ತೈತೇನು?

ಬರುತ್ತದೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕಗಳು ಬಹಳ, ದಪ್ಪ ಡೆನಿಮ್ ತುಂಡು ಸಿಗುವುದು ಕಷ್ಟವಲ್ಲ. ನಮೂನೆಯನ್ನು ಟ್ರೇಸಿಂಗ್ ಪೇಪರಿಗೆ ಇಳಿಸಿ, ಹಳದಿ ಅಥವಾ ಬಿಳಿ ಕಾರ್ಬನ್ ಹಾಳೆ ಕೆಳಗಿಟ್ಟು, ರೀಫಿಲ್ ಮುಗಿದ ಬಾಲ್ ಪೆನ್ನಿನಿಂದ ಒತ್ತಿ ತಿದ್ದಿ. ನೀಲಿ ಕಾರ್ಬನ್ ಡೆನಿಮ್ ಮೇಲೆ ಕಾಣುವುದಿಲ್ಲ. ಆರೆಳೆಯ ಕಸೂತಿ ದಾರದಲ್ಲಿ ಮೂರೆಳೆ ಬಿಡಿಸಿಕೊಂಡು ಸರಪಳಿ ಹೊಲಿಗೆ ಹಾಕಿ. ಎಳೆಯ ಅಗಲ 6 ಮಿ.ಮೀ.ಗಿಂತ ಕಡಿಮೆ ಬೇಡ, ಇಲ್ಲದಿದ್ದರೆ ಕತ್ತರಿಯಲ್ಲಿ ಸಂದು ಕಾಣದೆ ಗಂಟು ಮುದ್ದೆಯಾಗುತ್ತದೆ. ಕೆಳಗಿನ ಎಳೆಯನ್ನು ಮೇಲಿನದರಿಂದ 1 ಮಿ.ಮೀ. ಹಿಂದೆಯೇ ನಿಲ್ಲಿಸಿ, ದಾರವನ್ನು ಹಿಂಬದಿಗೆ ಇಳಿಸಿ ಆ ಕಡೆ ಎಬ್ಬಿಸಿ. ಬಟ್ಟೆಯನ್ನು ಹೊಲಿಯುವ ಮೊದಲೇ ಒಮ್ಮೆ ಒಗೆದು ಒಣಗಿಸಿ. ಹೊಸ ಡೆನಿಮ್ ಕುಗ್ಗುತ್ತದೆ, ಬಣ್ಣ ಬಿಡುತ್ತದೆ, ಬಿಳಿ ದಾರಕ್ಕೆ ನೀಲಿ ಹತ್ತಿದರೆ ಹೋಗುವುದಿಲ್ಲ.